ಹೊಳೆಯ ನೀಲಿ ಮುಗಿಲಿನ ಸಾಲವೇ?

ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜ್ ಇದೆ. ಮಳೆಗಾಲದಲ್ಲಿ ಇಲ್ಲಿ ಹರಿಯುವುದು ಕೆಂಪು ರಾಡಿ ನೀರು. ಮಳೆ ನಿಂತು, ರಾಡಿ ತಳಕ್ಕಿಳಿದು, ಗೇಟುಗಳ ಹಿಂದೆ ನೀರು ತುಂಬಿ ನಿಂತಾಗ ಅದೇ ಹೊಳೆ ನೀಲಿಯಾಗಿ ಕಾಣುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ದಂಡೆಯ ಮೇಲಿನವರ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಮುಗಿಲ ನೆಳ್ಳ ಬಿದ್ದೈತ್ರೀ, ಅದಕ್ಕ.’

ಈ ಉತ್ತರವನ್ನು ಹಳ್ಳಿಯ ಮಾತೆಂದು ತಳ್ಳಿಹಾಕುವಂತಿಲ್ಲ. ಹಮ್ಮಿಗಿಯ ಮಟ್ಟಿಗೆ ಅದು ಬಹುಪಾಲು ನಿಜವೇ. ನೊಬೆಲ್ ಪ್ರಶಸ್ತಿ ಪಡೆದ ಇಂಗ್ಲೆಂಡಿನ ಲಾರ್ಡ್ ರೇಲಿ ಸಮುದ್ರದ ಬಗ್ಗೆಯೂ ಇದನ್ನೇ ಹೇಳಿದ್ದರು. ಗಾಳಿಯ ಅಣುಗಳು ಬಿಸಿಲಿನಲ್ಲಿರುವ ನೀಲಿಯನ್ನು ಕೆಂಪಿಗಿಂತ ಬಹಳ ಹೆಚ್ಚಾಗಿ ಚದುರಿಸುವುದರಿಂದ ಆಕಾಶ ನೀಲಿಯಾಗಿದೆ ಎಂದು ತೋರಿಸಿದವರು ಅವರೇ. ಆದರೆ ಆಳ ಸಮುದ್ರದ ನೀಲಿ ನೀರಿನದಲ್ಲ, ಅದು ಆಕಾಶದ ಪ್ರತಿಬಿಂಬ ಮಾತ್ರ ಎಂಬುದು ಅವರ ಅಭಿಪ್ರಾಯವಾಗಿತ್ತು.

ಬೆಳಕು ನೀರನ್ನು ಮುಟ್ಟಿದಾಗ ಆಗುವುದಾದರೂ ಏನು? ಒಂದಿಷ್ಟು ಮೇಲಿನಿಂದಲೇ ಹಿಂದಿರುಗುತ್ತದೆ. ಉಳಿದದ್ದು ಒಳಗೆ ಹೋಗುತ್ತದೆ, ಹೋಗುವಾಗ ಅದರ ವೇಗ ಸುಮಾರು ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಹೊಳೆಗೆ ಅದ್ದಿದ ಕೋಲು ಮುರಿದಂತೆ ಕಾಣುವುದು ಇದರಿಂದಲೇ. ನೇರ ಮೇಲಿನಿಂದ ನೋಡಿದಾಗ 12 ಅಡಿ ಆಳದ ತಿಳಿನೀರು 9 ಅಡಿಯಷ್ಟೇ ಎಂದು ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಈಜಲು ಇಳಿಯುವ ಹುಡುಗರು ಇದನ್ನು ತಿಳಿದಿರುವುದು ಒಳ್ಳೆಯದು. ಇನ್ನು ಒಳಗೆ ಹೋದ ಬೆಳಕಿನಲ್ಲಿ ಕೆಲವು ಬಣ್ಣಗಳನ್ನು ನೀರು ನುಂಗುತ್ತದೆ, ಕೆಲವನ್ನು ಚದುರಿಸಿ ಹೊರಗೆ ಕಳಿಸುತ್ತದೆ. ರೇಲಿಯವರು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಈ ಒಳಗಿನ ವ್ಯವಹಾರವನ್ನು.

1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಿ.ವಿ. ರಾಮನ್ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರ ಗಮನ ಮೊದಲು ಸೆಳೆದದ್ದು ಬೆಳಕಲ್ಲ, ಶಬ್ದ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ಗ್ಯಾಲರಿಯಲ್ಲಿ ಒಬ್ಬರು ಪಿಸುಗುಟ್ಟಿದರೆ ಎದುರು ತುದಿಯಲ್ಲಿರುವವರಿಗೆ ಕೇಳಿಸುತ್ತದೆ. ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಶಾಲೆಯ ಪ್ರವಾಸದಲ್ಲಿ ವಿಜಯಪುರದ ಗೋಳಗುಮ್ಮಟ ಹತ್ತಿ ಕೂಗಿದವರೇ ಹೆಚ್ಚು. ದುಂಡಗಿನ ನುಣುಪು ಗೋಡೆಗೆ ತಾಗಿದ ಶಬ್ದದ ಅಲೆ ಗೋಡೆಯನ್ನೇ ತಬ್ಬಿಕೊಂಡು ಸಾಗುತ್ತದೆ. ರಾಮನ್ ಸೇಂಟ್ ಪಾಲ್ಸ್‌ನಲ್ಲಿ ಪ್ರಯೋಗ ನಡೆಸಿ ಇದರ ಬಗ್ಗೆ ಬರೆದರು.

ಮರಳಿ ಬರುವಾಗ ಅವರು ಹತ್ತಿದ ಹಡಗು ‘ನರ್ಕುಂಡಾ’. ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಅವರ ಬಳಿ ನಿಕಾಲ್ ಪಟ್ಟಕವಿತ್ತು. ನೀರಿನ ಮೇಲಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿ ಬರುವ ಬೆಳಕನ್ನು ಅದು ತಡೆದುಬಿಡುತ್ತದೆ. ಸಮುದ್ರದ ಬಣ್ಣ ಮುಗಿಲಿನ ಸಾಲವಾಗಿದ್ದರೆ ಪಟ್ಟಕದ ಮೂಲಕ ನೋಡಿದಾಗ ನೀಲಿ ಅಳಿದುಹೋಗಬೇಕಿತ್ತು. ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು! ಹಡಗು ಮುಂಬಯಿ ಬಂದರು ಮುಟ್ಟುವ ಹೊತ್ತಿಗೆ ‘ನೇಚರ್’ ಪತ್ರಿಕೆಗೆ ಅವರ ಪತ್ರ ಸಿದ್ಧವಾಗಿತ್ತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬುದು ಅವರ ವಾದ. ನೀರು ಕೆಂಪು ಬಣ್ಣವನ್ನು ನುಂಗಿಕೊಳ್ಳುವುದೂ ಈ ನೀಲಿಗೆ ದೊಡ್ಡ ಕಾರಣವೆಂದು ಇಂದು ತಿಳಿದಿದೆ. ಆದರೂ ಬಣ್ಣ ನೀರಿನ ಸ್ವಂತದ್ದೇ ಎಂಬ ಅವರ ಮಾತು ಉಳಿದುಕೊಂಡಿತು.

ಅಲ್ಲಿಂದ ಏಳು ವರ್ಷ ಅವರು ಮತ್ತು ಅವರ ಶಿಷ್ಯರು ಈ ಚದುರುವಿಕೆಯ ಬೆನ್ನು ಬಿಡಲಿಲ್ಲ. ಕಲ್ಕತ್ತಾದ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ಕೆ.ಎಸ್. ಕೃಷ್ಣನ್ ಜೊತೆಗಿದ್ದರು. ಪ್ರಯೋಗ ಕೇಳಲು ಸರಳ. ದೂರದರ್ಶಕದಿಂದ ಬಿಸಿಲನ್ನು ಒಟ್ಟುಗೂಡಿಸಿ, ನೀಲಿ-ನೇರಳೆ ಗಾಜಿನ ಮೂಲಕ ಶುದ್ಧ ದ್ರವದೊಳಗೆ ಹಾಯಿಸಬೇಕು. ಚದುರಿ ಬಂದ ಬೆಳಕಿಗೆ, ನೀಲಿಯನ್ನು ಪೂರ್ತಿ ತಡೆಯುವ ಹಸಿರು ಗಾಜು ಅಡ್ಡ ಹಿಡಿಯಬೇಕು. ಕತ್ತಲೆ ಕಾಣಬೇಕಾದಲ್ಲಿ ಮಸುಕಾದ ಬೆಳಕು ಕಂಡಿತು. ಅಂದರೆ ದ್ರವದೊಳಗೆ ಹೊಕ್ಕ ಬೆಳಕು ಬೇರೆ ಬಣ್ಣ ತಾಳಿ ಹೊರಬಂದಿತ್ತು. ಅಣು ಸದಾ ಕಂಪಿಸುತ್ತಿರುತ್ತದೆ; ಬೆಳಕು ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅದಕ್ಕೆ ಕೊಟ್ಟು ಬರುತ್ತದೆ. ಚದುರಿದ ಬೆಳಕಿನಲ್ಲಿ ಹೀಗಾಗುವುದು ಕೋಟಿಗೊಂದು ಪಾಲು ಮಾತ್ರ. ಆದರೆ ಕೊಟ್ಟದ್ದು ಎಷ್ಟು ಎಂಬುದು ಒಂದೊಂದು ವಸ್ತುವಿಗೆ ಒಂದೊಂದು ಬಗೆ, ನಮ್ಮ ಹೆಬ್ಬೆಟ್ಟಿನ ಗುರುತಿದ್ದಂತೆ. ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು, ಎಲ್ಲದರಲ್ಲೂ ಅದು ಕಂಡಿತು.

1928ರ ಫೆಬ್ರವರಿ 28ರಂದು ರೋಹಿತದರ್ಶಕದಲ್ಲಿ ಇದು ಖಚಿತವಾಯಿತು. ಇನ್ನು ತಡಮಾಡುವಂತಿರಲಿಲ್ಲ. ಏಕೆಂದರೆ ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬಿಬ್ಬರು ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರು. ರಾಮನ್‌ಗೆ ಅದು ಗೊತ್ತಿರಲಿಲ್ಲ. ಆದರೂ ಅವರ ಅವಸರ ಅವರನ್ನು ಕಾಯಿತು ಎನ್ನಬೇಕು. ಈ ಅವಸರದ ಕತೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. ಮಾರ್ಚ್ 16ರ ಶುಕ್ರವಾರ ಅಲ್ಲಿನ ಸೆಂಟ್ರಲ್ ಕಾಲೇಜಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣವಾಗಿ, ‘ಒಂದು ಹೊಸ ವಿಕಿರಣ’ ಎಂಬ ಹೆಸರಿನಲ್ಲಿ ರಾಮನ್ ತಮ್ಮ ಶೋಧನೆಯನ್ನು ವಿಸ್ತಾರವಾಗಿ ಮಂಡಿಸಿದರು. ಆ ಭಾಷಣ ತಿಂಗಳು ಮುಗಿಯುವುದರೊಳಗೆ ಅಚ್ಚಾಗಿ, ಪ್ರತಿಗಳು ಅಂಚೆಯಲ್ಲಿ ವಿದೇಶಗಳ ವಿಜ್ಞಾನಿಗಳ ಕೈಸೇರಿದವು. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ಈ ಬಗ್ಗೆ ರಷ್ಯನ್ನರ ಅಸಮಾಧಾನ ಬಹುಕಾಲ ಉಳಿಯಿತು. ಅದರಲ್ಲಿ ನ್ಯಾಯ ಇಲ್ಲವೆಂದೂ ಹೇಳಲಾಗದು.

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೇ ಬಂದರು, 1970ರಲ್ಲಿ ಕೊನೆಯುಸಿರೆಳೆಯುವವರೆಗೆ ಅಲ್ಲಿಯೇ ಇದ್ದರು. 1935-36ರಲ್ಲಿ ನಾಗೇಂದ್ರನಾಥ್ ಜೊತೆ ಸೇರಿ, ಕಿವಿಗೆ ಕೇಳಿಸದ ಶಬ್ದದ ಅಲೆಗಳು ಹಾಯುತ್ತಿರುವ ದ್ರವದಲ್ಲಿ ಬೆಳಕು ಹೇಗೆ ಕವಲೊಡೆಯುತ್ತದೆ ಎಂಬುದರ ಸಿದ್ಧಾಂತವನ್ನು ರೂಪಿಸಿದ್ದೂ ಇಲ್ಲಿಯೇ.

ಆ ಹೆಬ್ಬೆಟ್ಟಿನ ಗುರುತಿನಿಂದಲೇ ಇಂದು ಔಷಧಿಯನ್ನೂ ಹರಳನ್ನೂ ಒಡೆಯದೆ ಪರೀಕ್ಷಿಸುತ್ತಾರೆ. 2021ರಲ್ಲಿ ಮಂಗಳನ ಮೇಲಿಳಿದ ‘ಪರ್ಸಿವಿಯರೆನ್ಸ್’ ವಾಹನದಲ್ಲಿಯೂ ರಾಮನ್ ಪರಿಣಾಮದಿಂದ ಕಲ್ಲುಗಳನ್ನು ಗುರುತಿಸುವ ಉಪಕರಣಗಳಿವೆ. ಫೆಬ್ರವರಿ 28 ಈಗ ರಾಷ್ಟ್ರೀಯ ವಿಜ್ಞಾನ ದಿನ, ಶಾಲೆಶಾಲೆಗಳಲ್ಲಿ ಆಚರಣೆ ನಡೆಯುತ್ತದೆ. ಮಾರ್ಚ್ 16ರ ಭಾಷಣಕ್ಕೆ ಕ್ಯಾಲೆಂಡರಿನಲ್ಲಿ ಅಂಥ ದಿನವಿಲ್ಲ.