ಲಕ್ಷಣ ಕಂಡಿತು, ಕಾಯಿಲೆ ಕಾಣಲಿಲ್ಲ



ವಾಕರಿಕೆ, ಸುಸ್ತು, ತಲೆಸುತ್ತು, ಹೊಟ್ಟೆ ಉಬ್ಬರ, ಮುಟ್ಟು ನಿಲ್ಲುವುದು. ಈ ಐದನ್ನು ಯಾರ ಮುಂದೆ ಹೇಳಿದರೂ ಅವರ ಬಾಯಿಂದ ಬರುವ ಮೊದಲ ಮಾತು ಒಂದೇ. ನಮ್ಮ ಚಲನಚಿತ್ರಗಳಲ್ಲಂತೂ ನಾಯಕಿ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದರೆ ಸಾಕು, ಮುಂದಿನ ದೃಶ್ಯದಲ್ಲಿ ವೈದ್ಯರು ನಗುತ್ತಾ ಮನೆಯವರಿಗೆ ಸಿಹಿಸುದ್ದಿ ಹೇಳುತ್ತಾರೆ. ಈ ಅವಸರದ ತೀರ್ಮಾನ ಒಬ್ಬ ಹೆಣ್ಣುಮಗಳ ಕೊನೆಯ ದಿನಗಳ ನೆಮ್ಮದಿಯನ್ನೇ ಕಸಿದುಕೊಂಡ ಪ್ರಸಂಗವೊಂದನ್ನು ಇತಿಹಾಸದಿಂದ ನಿಮ್ಮ ಮುಂದಿಡುತ್ತೇನೆ.

ಅದು 1839ನೆಯ ಇಸವಿ. ವಿಕ್ಟೋರಿಯಾ ರಾಣಿ ಇಂಗ್ಲೆಂಡಿನ ಪಟ್ಟಕ್ಕೆ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆಕೆಯ ವಯಸ್ಸು 19. ರಾಣಿಗೂ ತಾಯಿ ಕೆಂಟಿನ ಡಚೆಸ್‌ಗೂ ಸರಿಬೀಳುತ್ತಿರಲಿಲ್ಲ. ತಾಯಿಯ ಆಪ್ತ ಅಧಿಕಾರಿ ಸರ್ ಜಾನ್ ಕಾನ್ರಾಯ್‌ನ ಮುಖ ಕಂಡರೇ ರಾಣಿಗೆ ಆಗುತ್ತಿರಲಿಲ್ಲ. ಈ ಮುನಿಸಿನ ಅರಮನೆಯಲ್ಲಿ ಡಚೆಸ್‌ಳ ಸಖಿಯಾಗಿದ್ದವಳು ಲೇಡಿ ಫ್ಲೋರಾ ಹೇಸ್ಟಿಂಗ್ಸ್. 32 ವರ್ಷದ ಅವಿವಾಹಿತೆ, ಕವಿತೆ ಬರೆಯುತ್ತಿದ್ದವಳು. ಆಕೆಯ ಮನೆತನ ನಮಗೆ ಅಪರಿಚಿತವಲ್ಲ. ತಂದೆ ಮಾರ್ಕ್ವಿಸ್ ಆಫ್ ಹೇಸ್ಟಿಂಗ್ಸ್ 1813ರಿಂದ 1823ರವರೆಗೆ ಭಾರತದಲ್ಲಿ ಗವರ್ನರ್ ಜನರಲ್ ಆಗಿದ್ದವನು. ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ, ಬೆಳಗಾವಿಗಳು ಕಂಪನಿಯ ಕೈಸೇರಿದ್ದು ಆತನ ಕಾಲದಲ್ಲೇ.

1839ರ ಜನವರಿಯಲ್ಲಿ ಫ್ಲೋರಾ ಸ್ಕಾಟ್ಲೆಂಡಿನ ತನ್ನ ಮನೆಯಿಂದ ಲಂಡನ್ನಿಗೆ ಮರಳಿದಳು. ಪ್ರಯಾಣದಲ್ಲಿ ಕಾನ್ರಾಯ್ ಅದೇ ಗಾಡಿಯಲ್ಲಿದ್ದ. ಬಂದವಳಿಗೆ ಹೊಟ್ಟೆನೋವು, ಅಜೀರ್ಣ. ಅರಮನೆಯ ವೈದ್ಯ ಸರ್ ಜೇಮ್ಸ್ ಕ್ಲಾರ್ಕ್ ಔಷಧ ಕೊಟ್ಟ. ಹೊಟ್ಟೆ ಮಾತ್ರ ಉಬ್ಬಿಯೇ ಇತ್ತು. ಸಖಿಯರ ಪಿಸುಮಾತು ಶುರುವಾಯಿತು. ಫ್ಲೋರಾ ಗರ್ಭಿಣಿ, ಅದಕ್ಕೆ ಕಾರಣ ಕಾನ್ರಾಯ್ ಎಂದು ಫೆಬ್ರವರಿ 2ರ ಹೊತ್ತಿಗೆ ರಾಣಿ ತನ್ನ ದಿನಚರಿಯಲ್ಲಿಯೇ ಬರೆದುಕೊಂಡಿದ್ದಳು.

ದೂರದರ್ಶನದಲ್ಲಿ ಕೆಲಸ ಮಾಡುವ ನನಗೆ ಇಲ್ಲಿ ಸಂಕಲನದ ಕೋಣೆ ನೆನಪಾಗುತ್ತದೆ. ಸಂಬಂಧವೇ ಇಲ್ಲದ ಎರಡು ಚಿತ್ರಿಕೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ನೋಡಿ. ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ನೋಡುಗರು ತಾವಾಗಿಯೇ ನಂಬಿಬಿಡುತ್ತಾರೆ. ಇಲ್ಲಿ ಒಂದು ಚಿತ್ರ ಗಾಡಿಯ ಪ್ರಯಾಣ, ಇನ್ನೊಂದು ಉಬ್ಬಿದ ಹೊಟ್ಟೆ. ನಡುವಿನ ಕಥೆಯನ್ನು ಅರಮನೆಯೇ ಕಟ್ಟಿತು.

ಫೆಬ್ರವರಿ 16ರಂದು ಕ್ಲಾರ್ಕ್ ಫ್ಲೋರಾಳನ್ನು ನೇರವಾಗಿ ಪ್ರಶ್ನಿಸಿದ. ಆಕೆ ಅಲ್ಲಗಳೆದರೂ ನಂಬಲಿಲ್ಲ. ಮರುದಿನ, ಸರ್ ಚಾರ್ಲ್ಸ್ ಕ್ಲಾರ್ಕ್ ಎಂಬ ಇನ್ನೊಬ್ಬ ವೈದ್ಯನೂ ಸೇರಿ ನಡೆಸಿದ ಪರೀಕ್ಷೆಗೆ ಆಕೆ ಒಪ್ಪಬೇಕಾಯಿತು. ಆ ಕಾಲದ ಕುಲೀನ ಅವಿವಾಹಿತೆಗೆ ಅದು ಎಂಥ ಅವಮಾನ ಎಂಬುದನ್ನು ನೀವೇ ಊಹಿಸಿ. ಗರ್ಭವಿದೆ ಎನ್ನಲು, ಅಥವಾ ಎಂದಾದರೂ ಇತ್ತು ಎನ್ನಲು, ಯಾವ ಆಧಾರವೂ ಇಲ್ಲವೆಂದು ಇಬ್ಬರೂ ಸಹಿ ಹಾಕಿ ಬರೆದುಕೊಟ್ಟರು.

ರಾಣಿ ವಿಷಾದ ವ್ಯಕ್ತಪಡಿಸಿದಳು. ಡಚೆಸ್ ಕ್ಲಾರ್ಕ್‌ನನ್ನು ತನ್ನ ಸೇವೆಯಿಂದ ತೆಗೆದುಹಾಕಿದಳು, ರಾಣಿ ಉಳಿಸಿಕೊಂಡಳು. ಫ್ಲೋರಾಳ ಮನೆಯವರು ಸುಮ್ಮನಿರಲಿಲ್ಲ. ಮಾರ್ಚ್ ತಿಂಗಳಿನಲ್ಲಿ ವಿಷಯ ಪತ್ರಿಕೆಗೆ ಬಂತು, ಜನ ರೊಚ್ಚಿಗೆದ್ದರು. ಇಷ್ಟೆಲ್ಲ ಗದ್ದಲದ ನಡುವೆ ಒಂದು ಪ್ರಶ್ನೆ ಹಿಂದೆ ಉಳಿದುಬಿಟ್ಟಿತು: ಗರ್ಭವಲ್ಲವಾದರೆ ಆ ಹೊಟ್ಟೆ ಉಬ್ಬಿದ್ದು ಏಕೆ?

ಉತ್ತರ ಸಿಕ್ಕಿದ್ದು 1839ರ ಜುಲೈ 5ರ ನಂತರ. ಆ ದಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿಯೇ ಫ್ಲೋರಾ ತೀರಿಕೊಂಡಳು, ವಯಸ್ಸು 33. ತನ್ನ ದೇಹದ ಮರಣೋತ್ತರ ಪರೀಕ್ಷೆ ಆಗಲೇಬೇಕೆಂದು ಆಕೆಯೇ ಕೇಳಿಕೊಂಡಿದ್ದಳು. ನೋಡಿದರೆ, ಯಕೃತ್ತು ಅತಿಯಾಗಿ ಬೆಳೆದು ಕೆಳಹೊಟ್ಟೆಯವರೆಗೂ ಚಾಚಿಕೊಂಡಿತ್ತು. ಗರ್ಭಾಶಯದಲ್ಲಿ ಯಾವ ದೋಷವೂ ಇರಲಿಲ್ಲ. ಬದುಕಿದ್ದಾಗ ನಂಬದ ಮಾತನ್ನು ಸತ್ತ ಮೇಲೆ ದೇಹವೇ ಸಾಬೀತು ಮಾಡಬೇಕಾಯಿತು.

ವೈದ್ಯ ಎಡವಿದ್ದೆಲ್ಲಿ? ದೇಹದ ಭಾಷೆಯಲ್ಲಿ ಶಬ್ದಗಳು ಕಡಿಮೆ. ಒಂದೇ ಲಕ್ಷಣ ಹಲವು ಅರ್ಥ ಕೊಡುತ್ತದೆ. ಮುಟ್ಟು ನಿಲ್ಲಲು ಗರ್ಭವೇ ಆಗಬೇಕಿಲ್ಲ. ತೀವ್ರ ಚಿಂತೆ, ತೂಕ ತೀರಾ ಇಳಿಯುವುದು, ಥೈರಾಯ್ಡ್ ಗ್ರಂಥಿಯ ಏರುಪೇರು ಇವೂ ಕಾರಣವಾಗಬಹುದು. ಸುಸ್ತು, ತಲೆಸುತ್ತು ರಕ್ತಹೀನತೆಯಿಂದಲೂ ಬರುತ್ತವೆ. ವಾಕರಿಕೆ ಜಠರದ ಉರಿಯೂತದ್ದಿರಬಹುದು, ಕಾಮಾಲೆಯ ಮುನ್ಸೂಚನೆಯೂ ಇರಬಹುದು. ಹೊಟ್ಟೆ ಉಬ್ಬಲು ಅಂಡಾಶಯದ ಗೆಡ್ಡೆ, ಹೊಟ್ಟೆಯಲ್ಲಿ ನೀರು ತುಂಬುವುದು, ಯಕೃತ್ತಿನ ಬೇನೆ ಹೀಗೆ ಕಾರಣಗಳು ಹಲವು.

1839ರಲ್ಲಿ ಆರಂಭದ ಗರ್ಭವನ್ನು ಖಚಿತವಾಗಿ ತಿಳಿಯುವ ಪರೀಕ್ಷೆ ಯಾವ ವೈದ್ಯನ ಬಳಿಯೂ ಇರಲಿಲ್ಲ ಎಂಬುದೂ ನಿಜ. ಅದಕ್ಕೆ ಸುಮಾರು ತೊಂಬತ್ತು ವರ್ಷ ಕಾಯಬೇಕಾಯಿತು. ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ 1927-28ರಲ್ಲಿ ಹೆಂಗಸರ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಇಲಿಗಳ ಅಂಡಾಶಯದಲ್ಲಾಗುವ ಬದಲಾವಣೆಯಿಂದ ಗರ್ಭವನ್ನು ಗುರುತಿಸಿದರು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕಪ್ಪೆ ಬಂತು. ಗರ್ಭಿಣಿಯ ಮೂತ್ರ ಚುಚ್ಚಿದರೆ ಹೆಣ್ಣುಕಪ್ಪೆ ಒಂದು ದಿನದೊಳಗೆ ಮೊಟ್ಟೆಯಿಡುತ್ತಿತ್ತು. ಎರಡರ ಹಿಂದೆಯೂ ಇದ್ದದ್ದು ಗರ್ಭ ನಿಂತ ಮೇಲೆ ಉತ್ಪತ್ತಿಯಾಗುವ ಒಂದು ಹಾರ್ಮೋನು. ಇಂದು ಔಷಧದ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿಯೂ ಅದನ್ನೇ ಹುಡುಕುತ್ತದೆ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಶ್ರವಣಾತೀತ ಶಬ್ದದಿಂದ ಹೊಟ್ಟೆಯ ಒಳಗನ್ನು ಚಿತ್ರಿಸಿದ ವರದಿ ಪ್ರಕಟಿಸಿದರು. ಫ್ಲೋರಾಳನ್ನು ಮಣ್ಣು ಮಾಡಿದ ಲೌಡನ್ ಅಲ್ಲಿಂದ ಬಹಳ ದೂರವೇನಿಲ್ಲ.

ಆದರೆ ಉಪಕರಣವಿಲ್ಲದ್ದೇ ಫ್ಲೋರಾಳ ದುರಂತವಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಉಪಕರಣ ಬೇಕಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಪ್ರಯೋಗಶಾಲೆ ಇಟ್ಟುಕೊಂಡಲ್ಲ. ನಿಮ್ಮ ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ತಲೆಸುತ್ತಿ ಕುಳಿತರೆ, ನಾಲ್ಕು ದಿನ ಊಟ ಬಿಟ್ಟರೆ, ನಾಲಿಗೆಗೆ ಮೊದಲು ಬರುವ ಮಾತನ್ನು ಅಲ್ಲೇ ತಡೆಯಿರಿ. ಆಕೆ ಹೇಳುವುದನ್ನು ಕೇಳಿ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. ಫ್ಲೋರಾಳಿಗೆ ಆ ಜನವರಿಯಲ್ಲಿ ಬೇಕಾಗಿದ್ದದ್ದು ಅಷ್ಟೇ.