ಸುರಪುರದ ಮೇಲೆ ಹಾಯ್ದ ನೆರಳು, ಕನ್ನಡಿಯ ಹಿಂದಿನ ಮೂರು ತಿರುಪು

1868ರ ಆಗಸ್ಟ್ 18ರ ಬೆಳಿಗ್ಗೆ ಚಂದ್ರನ ನೆರಳು ಪಶ್ಚಿಮದಿಂದ ಬಂದು, ಕೃಷ್ಣೆ ಭೀಮೆಯರ ನಡುವಿನ ಸುರಪುರ ಸೀಮೆಯನ್ನು ಹಾಯ್ದು, ಪೂರ್ವ ಕರಾವಳಿಯ ಕಡೆ ಹೋಯಿತು. ರಾಜಾ ವೆಂಕಟಪ್ಪ ನಾಯಕರು ತೀರಿಕೊಂಡು ಆಗ ಹತ್ತು ವರ್ಷ. ಸಂಸ್ಥಾನ ನಿಜಾಮರ ಕೈಸೇರಿತ್ತು. ವಿಜ್ಞಾನದ ಚರಿತ್ರೆಯಲ್ಲಿ ಈ ಗ್ರಹಣಕ್ಕೆ ದೊಡ್ಡ ಹೆಸರಿದೆ, ಆದರೆ ಆ ಹೆಸರಿನ ಜೊತೆ ಬರುವ ಊರು ಗುಂಟೂರು. ನಮ್ಮ ಕಡೆಯ ಜಮಖಂಡಿ, ವಿಜಾಪುರಗಳ ಹೆಸರು ಅಡಿಟಿಪ್ಪಣಿಯಲ್ಲಿ ಕಾಣಿಸಿದರೆ ಹೆಚ್ಚು. ನಕ್ಷೆ ಬಿಡಿಸಿ ಜಮಖಂಡಿಯಿಂದ ಗುಂಟೂರಿಗೆ ಒಂದು ಗೆರೆ ಎಳೆದು ನೋಡಿ: ಅದು ಸುರಪುರದ ಮಗ್ಗುಲಲ್ಲೇ ಹಾದುಹೋಗುತ್ತದೆ. ಶಹಾಪುರ, ಯಾದಗಿರಿ ಅದಕ್ಕೆ ತುಸು ಬಡಗಣಕ್ಕೆ.

ಈ ಗೆರೆಯ ಎರಡು ತುದಿಯಲ್ಲಿ ಅಂದು ಎರಡು ಬಗೆಯ ದೂರದರ್ಶಕಗಳಿದ್ದವು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಮಸೂರದ ದೂರದರ್ಶಕಕ್ಕೆ ರೋಹಿತದರ್ಶಕ ಕಟ್ಟಿಕೊಂಡು ಕೂತಿದ್ದ. ಗುಂಟೂರಿನಲ್ಲಿ ಮೇಜರ್ ಟೆನಂಟ್ ಫೋಟೋ ತೆಗೆಯಲು ತಂದದ್ದು ಲಂಡನ್ನಿನ ಬ್ರೌನಿಂಗ್ ತಯಾರಿಸಿದ, ಬೆಳ್ಳಿ ಲೇಪಿಸಿದ ಗಾಜಿನ ಕನ್ನಡಿಯ ದೂರದರ್ಶಕ. ನ್ಯೂಟನ್ 1668ರಲ್ಲಿ ತನ್ನ ಕೈಯಾರೆ ಮಾಡಿದ ಪುಟ್ಟ ಲೋಹಗನ್ನಡಿಯ ಯಂತ್ರದ ಮೊಮ್ಮಗ ಇದು. ನಡುವೆ ಸರಿಯಾಗಿ ಇನ್ನೂರು ವರ್ಷ. ಜಮಖಂಡಿಯ ಹರ್ಷೆಲ್ ಕೂಡ ಮೊಮ್ಮಗನೇ. ಅವನ ತಾತ ವಿಲಿಯಂ ಹರ್ಷೆಲ್ ಬಾತ್ ಊರಿನ ಸಂಗೀತಗಾರ. ಲೋಹದ ಕನ್ನಡಿಗಳನ್ನು ತಾನೇ ಎರಕ ಹೊಯ್ದು, ತಾನೇ ಉಜ್ಜಿ, ಆರು ಇಂಚಿಗಿಂತ ತುಸು ಅಗಲದ ಅಂಥದೊಂದು ಕನ್ನಡಿಯಿಂದ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡವನು. ಕಂಡದ್ದು ಎಲ್ಲಿಂದ ಅಂದರೆ, ತನ್ನ ಮನೆಯ ಹಿತ್ತಲಿನಿಂದ.

ನ್ಯೂಟನ್ ಮಾದರಿಯ ಯಂತ್ರ ಸರಳ, ಅದರ ಕಾಟವೂ ಸರಳ. ಕೊಳವೆಯ ತಳದಲ್ಲಿ ಬಟ್ಟಲಿನಂತೆ ತಗ್ಗಾದ ದೊಡ್ಡ ಕನ್ನಡಿ. ಬಾಯಿಯ ಹತ್ತಿರ ನಲವತ್ತೈದು ಡಿಗ್ರಿ ವಾಲಿಸಿ ಕೂರಿಸಿದ ಸಣ್ಣ ಸಪಾಟು ಕನ್ನಡಿ. ಅದು ಬೆಳಕನ್ನು ಪಕ್ಕಕ್ಕೆ ತಿರುಗಿಸಿ ಐಪೀಸಿಗೆ ಕೊಡುತ್ತದೆ. ಎರಡೂ ಕನ್ನಡಿಗಳ ನಡುಬಿಂದು ಮತ್ತು ಐಪೀಸಿನ ನಡುಬಿಂದು ಒಂದೇ ದಾರಿಯಲ್ಲಿ ಕೂಡಬೇಕು. ಮಸೂರದ ಯಂತ್ರದಲ್ಲಿ ಗಾಜು ಚೌಕಟ್ಟಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ಸಾಮಾನ್ಯವಾಗಿ ವರ್ಷಗಟ್ಟಲೆ ಕೈಹಾಕಬೇಕಿಲ್ಲ. ಕನ್ನಡಿಯದ್ದು ಹಾಗಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದರೆ ಸಾಕು, ಜೋಡಣೆ ತಪ್ಪುತ್ತದೆ. ಆಗ ನಕ್ಷತ್ರ ಚುಕ್ಕಿಯಾಗಿ ನಿಲ್ಲದೆ ಬಾಲ ಬಿಟ್ಟುಕೊಳ್ಳುತ್ತದೆ. ಗುಂಟೂರಿನವರೆಗೆ ಹಡಗು, ಬಂಡಿಗಳಲ್ಲಿ ಕುಲುಕಿಕೊಂಡು ಬಂದ ಕನ್ನಡಿಯನ್ನು ಐದಾರು ನಿಮಿಷದ ಕತ್ತಲೆಗೆ ಅಣಿಗೊಳಿಸುವುದೆಂದರೆ ಏನೆಂದು, ಒಮ್ಮೆಯಾದರೂ ತಿರುಪು ತಿರುಗಿಸಿದವರಿಗೆ ಗೊತ್ತು.

ಬೆಳ್ಳಿ ಲೇಪದ ಕನ್ನಡಿ ಆಗಿನ್ನೂ ಹೊಸತು. ಷ್ಟೈನ್‌ಹೈಲ್ 1856ರಲ್ಲಿ, ಫೂಕೋ 1857ರಲ್ಲಿ ಗಾಜಿಗೆ ಬೆಳ್ಳಿ ಹಚ್ಚಿ ತೋರಿಸಿದ್ದರು. ಹಿಂದಿನ ಲೋಹಗನ್ನಡಿ ಕಿಲುಬು ಹಿಡಿದರೆ ಮತ್ತೆ ಉಜ್ಜಬೇಕು. ಉಜ್ಜಿದರೆ ಆಕಾರ ಕೆಡುತ್ತದೆ. ಗಾಜಿನಲ್ಲಾದರೆ ಮಾಸಿದ ಬೆಳ್ಳಿಯನ್ನು ಆಮ್ಲದಿಂದ ತೊಳೆದು ಹೊಸದಾಗಿ ಹಚ್ಚಬಹುದು, ಆಕಾರ ಹಾಗೇ ಉಳಿಯುತ್ತದೆ. ಹಿತ್ತಲಿನ ದೂರದರ್ಶಕ ಸಾಮಾನ್ಯರ ಕೈಗೆ ಬಂದದ್ದು ಈ ಅನುಕೂಲದಿಂದ.

ಕನ್ನಡಿಗಳನ್ನು ಸರಿಹೊಂದಿಸುವ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಹೆಸರು 'ಕೊಲಿಮೇಶನ್'. ಈ ಪದವೇ ಒಂದು ಪಾಠದೋಷ! ಲ್ಯಾಟಿನ್ನಿನಲ್ಲಿ 'ಕೊಲಿನಿಯಾರೆ' ಎಂದರೆ ಗೆರೆಗೆ ನೇರವಾಗಿ ಹಿಡಿಯುವುದು. ಸಿಸೆರೋನ ಕೃತಿಯ ಕೆಲವು ಪ್ರತಿಗಳಲ್ಲಿ ಅದು 'ಕೊಲಿಮಾರೆ' ಎಂದು ತಪ್ಪಾಗಿ ಬಂತು. ಕೆಪ್ಲರ್‌ನಂಥವರು ಅದನ್ನೇ ಬಳಸಿದರು, ಅದೇ ನಿಂತಿತು. ತಾಳೆಗರಿಯ ಲಿಪಿಕಾರರ ಕೈತಪ್ಪುಗಳನ್ನು ತಿದ್ದುತ್ತ ಕೂರುವ ನಮ್ಮ ಗ್ರಂಥಸಂಪಾದಕರು ಇದನ್ನು ಕೇಳಿದರೆ ನಕ್ಕಾರು. ತಪ್ಪು ತಿದ್ದುವ ಕೆಲಸದ ಹೆಸರಲ್ಲೇ ತಿದ್ದದೆ ಉಳಿದ ತಪ್ಪು.

ಜಮಖಂಡಿಯಲ್ಲಿ ಅಂದು ಮೋಡ. ಆದರೂ ಸಿಕ್ಕ ಬಿಡುವಿನಲ್ಲಿ ಹರ್ಷೆಲ್ ಸೂರ್ಯನ ಅಂಚಿನಿಂದೆದ್ದ ಜ್ವಾಲೆಯೊಂದಕ್ಕೆ ಯಂತ್ರ ತಿರುಗಿಸಿ ಮೂರು ಹೊಳೆಯುವ ಗೆರೆಗಳನ್ನು ಕಂಡ: ಕೆಂಪು, ಕಿತ್ತಳೆ, ನೀಲಿ. ಜ್ವಾಲೆ ಉರಿಯುವ ಅನಿಲದ್ದೆಂದು ಅದರಿಂದ ಖಚಿತವಾಯಿತು. ಕಿತ್ತಳೆ ಗೆರೆಯನ್ನು ಅವನೂ, ಗುಂಟೂರಿನಲ್ಲಿ ಟೆನಂಟನೂ ಸೋಡಿಯಂನ 'ಡಿ' ಗೆರೆಯೆಂದೇ ತಿಳಿದರು. ಅದು ಸೋಡಿಯಂ ಆಗಿರಲಿಲ್ಲ. ಸೋಡಿಯಂನ ಜೋಡಿಗೆರೆ 589.0 ಮತ್ತು 589.6 ನ್ಯಾನೊಮೀಟರಿನಲ್ಲಿ, ಇದು 587.6ರಲ್ಲಿ. ಅದೇ ವರ್ಷ ಅಕ್ಟೋಬರ್ 20ರಂದು ಇಂಗ್ಲೆಂಡಿನ ಲಾಕಿಯರ್, ಗ್ರಹಣವೇ ಇಲ್ಲದೆ, ಸಾವಧಾನವಾಗಿ ಆ ಜ್ವಾಲೆಗಳನ್ನು ನೋಡಿದ. ಆಮೇಲಿನ ಅಳತೆಗಳಲ್ಲಿ ಈ ಗೆರೆಯ ಜಾಗ ಬೇರೆಯೆಂದು ತಿಳಿಯಿತು. ಹೀಲಿಯಂ ಎಂಬ ಹೆಸರು ಹುಟ್ಟಿದ್ದು ಹಾಗೆ. ಗ್ರಹಣವಿಲ್ಲದೆಯೂ ನೋಡಬಹುದೆಂದು ಗುಂಟೂರಿನಲ್ಲೇ ಇದ್ದ ಜಾನ್ಸೆನ್ ಗ್ರಹಣದ ಮರುದಿನವೇ ಕಂಡುಕೊಂಡಿದ್ದ. ಹರ್ಷೆಲ್‌ನನ್ನು ಇದಕ್ಕಾಗಿ ದೂರುವುದು ನನಗೆ ಸರಿಕಾಣುವುದಿಲ್ಲ. ಅವಸರದಲ್ಲಿ ಕಣ್ಣು ತನಗೆ ಗೊತ್ತಿರುವ ಹೆಸರನ್ನೇ ಹುಡುಕುತ್ತದೆ, ಅದಕ್ಕೆ ಯಾವ ತಿರುಪೂ ಇಲ್ಲ.

ಈಗಿನ ಮಾಳಿಗೆಯ ಮೇಲಿನ ಯಂತ್ರಕ್ಕೆ ಬರೋಣ. ದೊಡ್ಡ ಕನ್ನಡಿಯ ನಟ್ಟನಡುವೆ ಪುಟ್ಟ ಉಂಗುರದ ಗುರುತಿರುತ್ತದೆ, ಹಿಂಬದಿಯಲ್ಲಿ ಮೂರು ತಿರುಪು. ಐಪೀಸ್ ತೆಗೆದು ಆ ಜಾಗಕ್ಕೆ ಸಣ್ಣ ತೂತಿನ ಮುಚ್ಚಳ ಹಾಕಿ ನೋಡಬೇಕು. ಮೊದಲು ಸಣ್ಣ ಕನ್ನಡಿಯನ್ನು ಸರಿಪಡಿಸಿ ಅದರಲ್ಲಿ ದೊಡ್ಡ ಕನ್ನಡಿ ಪೂರ್ತಿ ಕಾಣುವಂತೆ ಮಾಡಬೇಕು, ಆಮೇಲೆ ತಳದ ತಿರುಪುಗಳಿಂದ ತೂತಿನ ಪ್ರತಿಬಿಂಬವನ್ನು ಉಂಗುರದೊಳಕ್ಕೆ ತರಬೇಕು. ಕೊಳವೆಯ ಉದ್ದ ಅಗಲದ ಎಂಟು ಪಟ್ಟಿದ್ದರೆ ಅಲ್ಪಸ್ವಲ್ಪ ತಪ್ಪು ನಡೆಯುತ್ತದೆ. ಐದು ಪಟ್ಟಿನ ಗಿಡ್ಡ ಯಂತ್ರ ಅದರ ಕಾಲುಭಾಗದಷ್ಟು ತಪ್ಪನ್ನೂ ತಡೆಯದು. ಸುರಪುರದಿಂದ ಟಂಟಂನಲ್ಲಿ ಹಳ್ಳಿಯ ಶಾಲೆಗೆ ಒಯ್ಯುವವರು ಉದ್ದನೆಯದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಕೊನೆಯ ಪರೀಕ್ಷೆ ನಕ್ಷತ್ರದ್ದು. ಐಪೀಸನ್ನು ತುಸು ಹಿಂದೆಮುಂದೆ ಸರಿಸಿ ಚುಕ್ಕಿಯನ್ನು ಮಸುಕು ಮಾಡಿದರೆ ಉಂಗುರಗಳು ಕಾಣುತ್ತವೆ. ನಡುವಿನ ಕಪ್ಪು ಚುಕ್ಕಿ ಉಂಗುರಗಳ ನಟ್ಟನಡುವೆ ಇರಬೇಕು. ಅಲುಗಾಡುವುದಿಲ್ಲವೆಂದು ಧ್ರುವನಕ್ಷತ್ರವನ್ನು ನೋಡಿರೆಂದು ಪಾಶ್ಚಾತ್ಯ ಕೈಪಿಡಿಗಳು ಹೇಳುತ್ತವೆ. ಅಲ್ಲಿ ಅದು ಆಕಾಶದಲ್ಲಿ ಎತ್ತರ. ಯಾದಗಿರಿಯಲ್ಲಿ ಬರೀ 17 ಡಿಗ್ರಿ ಮೇಲೆ, ದೂಳಿನ ಪದರದೊಳಗೆ ನಡುಗುತ್ತ ಇರುತ್ತದೆ. ಬೇಸಿಗೆಯಲ್ಲಾದರೆ ಶಹಾಪುರದ ಬೆಟ್ಟದ ಬಂಡೆ, ಮಾಳಿಗೆಯ ಕಾಂಕ್ರೀಟು ನಡುರಾತ್ರಿಯ ತನಕ ಹಗಲಿನ ಕಾವು ಬಿಡುತ್ತಲೇ ಇರುತ್ತವೆ. ಕಾದ ಕನ್ನಡಿಯಲ್ಲಿ ಉಂಗುರಗಳು ಕುದಿಯುವ ಎಸರಿನಂತೆ ಕಾಣುತ್ತವೆ. ಅದನ್ನು ಜೋಡಣೆಯ ದೋಷವೆಂದುಕೊಂಡು ತಿರುಪಿಗೆ ಕೈಹಾಕಿ ಸರಿಯಿದ್ದದ್ದನ್ನೂ ಕೆಡಿಸಿದವರಲ್ಲಿ ನಾನೂ ಒಬ್ಬ. ಯಂತ್ರವನ್ನು ಸಂಜೆಯೇ ಹೊರಗಿಟ್ಟು, ಊಟ ಮುಗಿಸಿ ಬಂದು, ನೆತ್ತಿಯ ಹತ್ತಿರದ ನಕ್ಷತ್ರವೊಂದನ್ನು ಹಿಡಿಯಿರಿ. ಅದು ಸರಿದು ಅಂಚಿಗೆ ಹೋದಾಗಲೆಲ್ಲ ಮತ್ತೆ ನಡುವಿಗೆ ತಂದುಕೊಂಡು, ಒಂದು ಸಲಕ್ಕೆ ಒಂದೇ ತಿರುಪು, ಅದೂ ಕಾಲು ಸುತ್ತಿಗಿಂತ ಕಡಿಮೆ.