ಎಂಬಿಎ ಜೊತೆಗೆ ಇನ್ನೊಂದು: ವ್ಯವಹಾರ ಮತ್ತು ಸಂಸ್ಥಾ ಬದಲಾವಣೆಯ ಜೋಡಿ ಪದವಿ

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಷೇರುದಾರರ ಲೆಕ್ಕ ಚೊಕ್ಕವಾಗಿತ್ತು: ಸಿಂಡಿಕೇಟಿನ 1,000 ಷೇರಿಗೆ ಕೆನರಾದ 158 ಷೇರು. ಎರಡೂ ಬ್ಯಾಂಕುಗಳ ಕೋರ್ ಬ್ಯಾಂಕಿಂಗ್ ತಂತ್ರಾಂಶ ಒಂದೇ ಎಂಬುದನ್ನೂ ಸರ್ಕಾರ ಆಗ ಅನುಕೂಲವೆಂದು ಎತ್ತಿ ಹೇಳಿತ್ತು. ಆದರೆ ಒಂದೇ ರಸ್ತೆಯಲ್ಲಿ ಎದುರುಬದುರಾಗಿರುವ ಎರಡು ಶಾಖೆಗಳಲ್ಲಿ ಯಾವುದಕ್ಕೆ ಬೀಗ ಹಾಕಬೇಕು? ಸೇವಾಹಿರಿತನದ ಪಟ್ಟಿಯಲ್ಲಿ ಯಾರ ಹೆಸರು ಮೇಲೆ ಬರಬೇಕು? 1928ರಿಂದ ಪಿಗ್ಮಿ ಠೇವಣಿಯನ್ನೇ ಗುರುತಾಗಿಸಿಕೊಂಡು ಬಂದ ಬ್ಯಾಂಕಿನ ಮ್ಯಾನೇಜರು ಇನ್ನೊಂದು ಮನೆಯ ಪದ್ಧತಿಗೆ ಹೇಗೆ ಒಗ್ಗಬೇಕು? ಇವುಗಳಿಗೆ 158ರಂಥ ಅಂಕಿಯ ಉತ್ತರವಿಲ್ಲ.

ಮೊದಲ ಬಗೆಯ ಲೆಕ್ಕ ಕಲಿಸುವುದು ಎಂಬಿಎ. ಎರಡನೆಯ ಬಗೆಯ ಪ್ರಶ್ನೆಗಳಿಗೆಂದೇ ಮುಖ್ಯವಾಗಿ ಅಮೆರಿಕದಲ್ಲಿ ಬೆಳೆದ ಸ್ನಾತಕೋತ್ತರ ಪದವಿಯೊಂದಿದೆ. ಅದನ್ನು ಸಂಸ್ಥಾ ಬದಲಾವಣೆ, ಸಂಸ್ಥಾ ಅಭಿವೃದ್ಧಿ ಎಂದೆಲ್ಲ ಕರೆಯುತ್ತಾರೆ; ಆ ವೃತ್ತಿಯವರ ಬಾಯಲ್ಲಿ ಅದು ಬರೀ ‘ಓಡಿ’ (ಆರ್ಗನೈಸೇಷನ್ ಡೆವಲಪ್‌ಮೆಂಟ್). ಎರಡನ್ನೂ ಒಂದೇ ಅವಧಿಯಲ್ಲಿ ಓದಿ ಎರಡು ಪದವಿ ಪಡೆಯುವ ವ್ಯವಸ್ಥೆಯೇ ಈ ಲೇಖನದ ವಿಷಯ.

ಜೋಡಿ ಪದವಿ ಎಂದರೆ ಏನು, ಏನಲ್ಲ

ಜೋಡಿ ಪದವಿಯಲ್ಲಿ ವಿದ್ಯಾರ್ಥಿಗೆ ಎರಡು ಪ್ರಮಾಣಪತ್ರ ಸಿಗುತ್ತವೆ: ಒಂದು ಎಂಬಿಎ, ಇನ್ನೊಂದು ಸಂಸ್ಥಾ ಬದಲಾವಣೆಯಲ್ಲಿ ಎಂ.ಎ. ಅಥವಾ ಎಂ.ಎಸ್. ಎರಡು ಸಂಸ್ಥೆಗಳು ಸೇರಿ ಒಂದೇ ಪ್ರಮಾಣಪತ್ರ ಕೊಟ್ಟರೆ ಅದು ಜಂಟಿ ಪದವಿ. ಎಂಬಿಎ ಒಳಗೇ ನಾಲ್ಕೈದು ವಿಷಯ ತೆಗೆದುಕೊಂಡು ‘ಬದಲಾವಣೆ ನಿರ್ವಹಣೆಯಲ್ಲಿ ವಿಶೇಷ ಅಧ್ಯಯನ’ ಎಂದು ಅಂಕಪಟ್ಟಿಯಲ್ಲಿ ಬರೆಸಿಕೊಳ್ಳುವುದು ಎರಡೂ ಅಲ್ಲ. ಜಾಹೀರಾತುಗಳಲ್ಲಿ ಈ ಮೂರೂ ಬೆರೆತುಹೋಗಿರುತ್ತವೆ. ಘಟಿಕೋತ್ಸವದ ದಿನ ಕೈಗೆ ಎಷ್ಟು ಕಾಗದ ಬರುತ್ತವೆ ಎಂದು ಕೇಳಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ವಿದೇಶಿ ಸಹಯೋಗದ ಕುರಿತು 2022ರಲ್ಲಿ ಹೊರಡಿಸಿದ ನಿಯಮಗಳಲ್ಲೂ ಜೋಡಿ ಪದವಿಯ ಪ್ರಸ್ತಾಪವಿದೆ. ಅಲ್ಲಿನ ಅರ್ಥವೇ ಬೇರೆ: ಒಂದೇ ವಿಷಯದಲ್ಲಿ, ಒಂದೇ ಹಂತದಲ್ಲಿ ಭಾರತದ ಸಂಸ್ಥೆಯೂ ವಿದೇಶದ ಸಂಸ್ಥೆಯೂ ಪ್ರತ್ಯೇಕವಾಗಿ ಕೊಡುವ ಪದವಿ. ನಾವಿಲ್ಲಿ ಹೇಳುತ್ತಿರುವುದು ಎರಡು ಬೇರೆ ಬೇರೆ ವಿಷಯಗಳ ಜೋಡಿ.

ಎಂಬಿಎ ಬಂದ ದಾರಿ

ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1900ರಲ್ಲಿ ಟಕ್ ಶಾಲೆ ಶುರುವಾಯಿತು. ಪದವೀಧರರಿಗೆ ವ್ಯವಹಾರ ಕಲಿಸಿದ ಮೊದಲ ಶಾಲೆ ಅದು. ಎಂಬಿಎ ಎಂಬ ಹೆಸರು ಬಂದದ್ದು 1908ರಲ್ಲಿ, ಹಾರ್ವರ್ಡಿನಿಂದ. 1959ರಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಪ್ರತಿಷ್ಠಾನಗಳ ನೆರವಿನ ಎರಡು ವರದಿಗಳು ವ್ಯವಹಾರ ಶಾಲೆಗಳ ಪಾಠ ತೆಳುವಾಗಿದೆ ಎಂದು ಛೀಮಾರಿ ಹಾಕಿದವು. ಅಲ್ಲಿಂದ ಗಣಿತ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳು ತರಗತಿಯನ್ನು ಆಕ್ರಮಿಸಿಕೊಂಡವು. ವರ್ತನಾ ವಿಜ್ಞಾನವೂ ಆಗಲೇ ಒಳಗೆ ಬಂತು ನಿಜ. ಆದರೂ ಫೈನಾನ್ಸ್ ತರಗತಿಯ ಪಕ್ಕದಲ್ಲಿ ಅದು ಇಂದಿಗೂ ಬಡ ನೆಂಟನಂತೆಯೇ ಕೂತಿದೆ.

ಪೈಜಾಮಾ ಕಾರ್ಖಾನೆಯ ಪಾಠ

ಬದಲಾವಣೆಯ ಶಾಸ್ತ್ರ ಹುಟ್ಟಿದ್ದು ವ್ಯವಹಾರ ಶಾಲೆಯಲ್ಲಲ್ಲ. ಅದರ ಮೂಲಪುರುಷ ಕರ್ಟ್ ಲೆವಿನ್, 1890ರಲ್ಲಿ ಜನಿಸಿ ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಯಹೂದಿ ಮನಶ್ಶಾಸ್ತ್ರಜ್ಞ. ಅವನೂ ಅವನ ಜೊತೆಗಾರರೂ ಪ್ರಯೋಗಕ್ಕೆ ಆರಿಸಿಕೊಂಡದ್ದು ವರ್ಜೀನಿಯಾದ ಮರಿಯನ್ ಪಟ್ಟಣದಲ್ಲಿದ್ದ ಹಾರ್ವುಡ್ ಪೈಜಾಮಾ ಕಾರ್ಖಾನೆಯನ್ನು. ಅಲ್ಲಿ ಕೂಲಿ ಕೊಡುತ್ತಿದ್ದದ್ದು ಪೀಸ್ ಲೆಕ್ಕದಲ್ಲಿ. ಕೆಲಸದ ಕ್ರಮ ಸ್ವಲ್ಪ ಬದಲಾದರೂ ಉತ್ಪಾದನೆ ಕುಸಿಯುತ್ತಿತ್ತು, ಹೆಂಗಸರು ಕೆಲಸ ಬಿಟ್ಟು ಹೋಗುತ್ತಿದ್ದರು.

ಲೆಸ್ಟರ್ ಕಾಚ್ ಮತ್ತು ಜಾನ್ ಫ್ರೆಂಚ್ 1948ರಲ್ಲಿ ಇದರ ವರದಿ ಪ್ರಕಟಿಸಿದರು. ಇಸ್ತ್ರಿ ಮಾಡುತ್ತಿದ್ದ ಒಂದು ಗುಂಪು ಅರ್ಧ ಡಜನ್ ಬಟ್ಟೆಗಳನ್ನು ಚಪ್ಪಟೆ ರಟ್ಟಿನ ಮೇಲೆ ಪೇರಿಸಿಡುತ್ತಿತ್ತು. ಇನ್ನು ಮುಂದೆ ರಟ್ಟಿನ ಬದಲು ಪೆಟ್ಟಿಗೆಯಲ್ಲಿ ಪೇರಿಸಬೇಕು ಎಂದು ಹೇಳಲಾಯಿತು. ಬದಲಾದದ್ದು ಇಷ್ಟೇ. ಕಾರಣ ವಿವರಿಸಿದರು, ಹೊಸ ದರವನ್ನೂ ತಿಳಿಸಿದರು, ಆದರೆ ಅವರ ಅಭಿಪ್ರಾಯ ಮಾತ್ರ ಕೇಳಲಿಲ್ಲ. ಮೊದಲ ನಲವತ್ತು ದಿನಗಳಲ್ಲಿ ಆ ಗುಂಪಿನ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು. ಉಳಿದವರ ಉತ್ಪಾದನೆ ಮೇಲೇಳಲೇ ಇಲ್ಲ. ಹೊಸ ಕ್ರಮವನ್ನು ರೂಪಿಸುವ ಮಾತುಕತೆಗೆ ಇಡೀ ಗುಂಪನ್ನೇ ಕೂರಿಸಿಕೊಂಡ ಕಡೆ ಒಬ್ಬರೂ ಕೆಲಸ ಬಿಡಲಿಲ್ಲ, ಉತ್ಪಾದನೆ ಹಳೆಯ ಮಟ್ಟಕ್ಕಿಂತ ಸುಮಾರು ನೂರಕ್ಕೆ 14ರಷ್ಟು ಮೇಲೇರಿತು. ಪೆಟ್ಟಿಗೆಯ ವೆಚ್ಚವನ್ನು ಲೆಕ್ಕ ಹಾಕುವ ವಿದ್ಯೆಯೊಂದರಿಂದಲೇ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತಿರಲಿಲ್ಲ.

1946ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್‌ನಲ್ಲಿ ಲೆವಿನ್ ತಂಡ ಒಂದು ಶಿಬಿರ ನಡೆಸಿತು. ಹಗಲು ಕಂಡದ್ದನ್ನು ಸಂಶೋಧಕರು ಸಂಜೆ ಕೂತು ತಮ್ಮತಮ್ಮಲ್ಲೇ ಚರ್ಚಿಸುತ್ತಿದ್ದರು. ಶಿಬಿರಾರ್ಥಿಗಳು ಕೆಲವರು ತಾವೂ ಬರುತ್ತೇವೆಂದು ಬಂದರು. ‘ನಾನು ಆಗ ಹಾಗೆ ವರ್ತಿಸಿದ್ದು ನೀವು ಹೇಳುವ ಕಾರಣಕ್ಕಲ್ಲ’ ಎಂದು ಜಗಳಕ್ಕೇ ನಿಂತರು. ಹಗಲಿನ ಪಾಠಕ್ಕಿಂತ ಈ ಸಂಜೆಯ ಜಗಳವೇ ಹೆಚ್ಚು ಕಲಿಸುತ್ತಿದೆ ಎಂದು ಎಲ್ಲರಿಗೂ ಹೊಳೆಯಿತು. ಟಿ-ಗ್ರೂಪ್ ಎಂಬ ತರಬೇತಿ ವಿಧಾನ ಹುಟ್ಟಿದ್ದು ಹೀಗೆ. ಮರುವರ್ಷದ ಆರಂಭದಲ್ಲೇ ಲೆವಿನ್ ತೀರಿಕೊಂಡ. ಆ ಬೇಸಿಗೆಯಲ್ಲಿ ಮೇಯ್ನ್ ರಾಜ್ಯದ ಬೆತೆಲ್‌ನಲ್ಲಿ ಅವನ ಜೊತೆಗಾರರು ರಾಷ್ಟ್ರೀಯ ತರಬೇತಿ ಪ್ರಯೋಗಾಲಯವನ್ನು, ಅಂದರೆ ಎನ್‌ಟಿಎಲ್ ಅನ್ನು, ಆರಂಭಿಸಿದರು.

ಅಹಮದಾಬಾದಿನ ಮಗ್ಗಗಳು

ಈ ಶಾಸ್ತ್ರದ ಒಂದು ಮುಖ್ಯ ಅಧ್ಯಾಯ ಬರೆದದ್ದು ಭಾರತದಲ್ಲಿ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಸಾರಾಭಾಯಿ ಮನೆತನದ ಕ್ಯಾಲಿಕೋ ಮಿಲ್ಲಿಗೆ ಬಂದ. ಸ್ವಯಂಚಾಲಿತ ಮಗ್ಗಗಳನ್ನು ತಂದರೂ ಮಿಲ್ಲಿಗೆ ನಿರೀಕ್ಷಿಸಿದ ಫಲ ಸಿಕ್ಕಿರಲಿಲ್ಲ. 224 ಮಗ್ಗಗಳಿಗೆ 29 ಕೆಲಸಗಾರರು. ನೇಯುವವನು ಒಬ್ಬ, ಲಾಳಿ ತುಂಬುವವನು ಇನ್ನೊಬ್ಬ, ಎಣ್ಣೆ ಹಾಕುವವನು ಮತ್ತೊಬ್ಬ. ಇಂತಿಷ್ಟು ಮಗ್ಗ ನಮ್ಮವು ಎನ್ನುವ ತಂಡ ಮಾತ್ರ ಒಂದೂ ಇಲ್ಲ. ಚಿಕ್ಕ ತಂಡಗಳಾಗಿ ಒಟ್ಟಾಗಿ ನಿಗದಿತ ಮಗ್ಗಗಳ ಹೊಣೆ ಹೊರುವ ಪ್ರಸ್ತಾಪ ಬಂದಾಗ, ಕೆಲಸಗಾರರೂ ಮೇಸ್ತ್ರಿಗಳೂ ಅದನ್ನು ತಾವೇ ಹಿಡಿದುಕೊಂಡು ತಂಡ ಕಟ್ಟಿಕೊಂಡರು. ಉತ್ಪಾದನೆ ಏರಿತು, ಕೆಟ್ಟ ಬಟ್ಟೆ ಕಡಿಮೆಯಾಯಿತು. 1958ರಲ್ಲಿ ಬಂದ ರೈಸ್‌ನ ಪುಸ್ತಕ ಇದನ್ನು ಜಗತ್ತಿಗೆ ತಿಳಿಸಿತು.

ಕತೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ನನಗೆ ಇನ್ನೂ ಮುಖ್ಯ. ಟ್ಯಾವಿಸ್ಟಾಕ್‌ನವನೇ ಆದ ಎರಿಕ್ ಮಿಲ್ಲರ್ 1970ರಲ್ಲಿ ಹಿಂದಿರುಗಿ ನೋಡಿದಾಗ ಒಂದು ಕಡೆ ತಂಡದ ಪದ್ಧತಿ ಉಳಿದಿತ್ತು. ಬೇರೆ ಕಡೆ ಅದು ಸವೆದು ಹಳೆಯ ಕ್ರಮಕ್ಕೆ ಜಾರಿತ್ತು. ಬದಲಾವಣೆಯನ್ನು ತರುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1970ರ ದಶಕದ ನಡುವೆ ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರಾಗಿದ್ದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಲಾರ್ಸನ್ ಆ್ಯಂಡ್ ಟೂಬ್ರೊ ಕಂಪನಿಗೆ ಮಾನವ ಸಂಪನ್ಮೂಲ ಅಭಿವೃದ್ಧಿಯ ವ್ಯವಸ್ಥೆ ರೂಪಿಸಿಕೊಟ್ಟರು. ಇಂದು ನಮ್ಮ ಕಂಪನಿಗಳಲ್ಲಿ ಎಚ್‌ಆರ್‌ಡಿ ಎಂಬ ಫಲಕ ಕಾಣುವುದಕ್ಕೆ ಅದು ನಾಂದಿ.

ತರಗತಿಯಲ್ಲಿ ಏನು ನಡೆಯುತ್ತದೆ

ಎಂಬಿಎ ಭಾಗದಲ್ಲಿ ಹೊಸದೇನಿಲ್ಲ: ಲೆಕ್ಕಶಾಸ್ತ್ರ, ಫೈನಾನ್ಸ್, ಮಾರ್ಕೆಟಿಂಗ್, ಆಪರೇಷನ್ಸ್, ಕಾರ್ಯತಂತ್ರ. ಬದಲಾವಣೆಯ ಭಾಗ ನಮ್ಮ ವಿದ್ಯಾರ್ಥಿಗಳಿಗೆ ವಿಚಿತ್ರವಾಗಿ ಕಾಣಬಹುದು. ಹನ್ನೆರಡು ಜನ ವೃತ್ತಾಕಾರದಲ್ಲಿ ಕೂತಿರುತ್ತಾರೆ. ಮೇಷ್ಟ್ರು ಬರುತ್ತಾರೆ, ಕೂರುತ್ತಾರೆ, ಏನೂ ಹೇಳುವುದಿಲ್ಲ. ವಿಷಯ ಇಲ್ಲ, ಬೋರ್ಡಿನ ಮೇಲೆ ಬರಹ ಇಲ್ಲ. ಹತ್ತು ನಿಮಿಷದಲ್ಲಿ ಒಬ್ಬ ಅಧ್ಯಕ್ಷತೆ ವಹಿಸಿಕೊಳ್ಳಲು ನೋಡುತ್ತಾನೆ, ಇನ್ನೊಬ್ಬಳು ಅವನನ್ನು ತಡೆಯುತ್ತಾಳೆ, ಮೂವರು ಬಾಯೇ ಬಿಡುವುದಿಲ್ಲ. ಆಗ ಮೇಷ್ಟ್ರು ಕೇಳುತ್ತಾರೆ: ಈಗ ಇಲ್ಲಿ ನಡೆದದ್ದು ಏನು? ಇದೇ ಟಿ-ಗ್ರೂಪ್. ಪಠ್ಯ ಬಾಯಿಪಾಠ ಮಾಡಿ ರ‍್ಯಾಂಕು ಪಡೆದವರಿಗೆ ಮೊದಲ ವಾರ ಕೈಕಾಲು ಆಡುವುದಿಲ್ಲ.

ಇದರ ಜೊತೆಗೆ ಸಂಸ್ಥೆಯ ಸ್ಥಿತಿಯನ್ನು ತಪಾಸಣೆ ಮಾಡುವ ವಿಧಾನ, ಸಂದರ್ಶನ ಮತ್ತು ಸಮೀಕ್ಷೆ, ಕ್ರಿಯಾ ಸಂಶೋಧನೆ, ಸಲಹೆಗಾರನ ನೀತಿ ಇವೆಲ್ಲ ಇರುತ್ತವೆ. 1987ರಲ್ಲಿ ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಿಂದ ಡೇವಿಡ್ ಕೂಪರ್‌ರೈಡರ್ ಮತ್ತು ಸುರೇಶ್ ಶ್ರೀವಾಸ್ತವ ಮುಂದಿಟ್ಟ ವಿಧಾನವೂ ಬರುತ್ತದೆ. ಸಂಸ್ಥೆಯಲ್ಲಿ ಏನು ಕೆಟ್ಟಿದೆ ಎಂದು ಹುಡುಕುವ ಬದಲು ಏನು ಚೆನ್ನಾಗಿ ನಡೆಯುತ್ತಿದೆ ಎಂಬಲ್ಲಿಂದ ಶುರುಮಾಡುವುದು ಅದರ ಕ್ರಮ. ಕೊನೆಗೆ ನಿಜವಾದ ಒಂದು ಸಂಸ್ಥೆಯಲ್ಲಿ ಪ್ರಾಜೆಕ್ಟು. ಜೋಡಿ ಪದವಿಗೆ ಅರ್ಥ ಬರುವುದು ಈ ಪ್ರಾಜೆಕ್ಟಿನಲ್ಲೇ: ಅದರ ವರದಿಯಲ್ಲಿ ವೆಚ್ಚದ ಪಟ್ಟಿಯೂ ಜನರ ಮಾತೂ ಒಂದನ್ನೊಂದು ಪ್ರಶ್ನಿಸಬೇಕು. ಎರಡು ವಿಭಾಗಗಳು ಎರಡು ಬೇರೆ ಪ್ರಾಜೆಕ್ಟು ಬರೆಸಿಕೊಂಡು ಕಳಿಸುವುದಾದರೆ, ವಿದ್ಯಾರ್ಥಿ ಪಡೆದದ್ದು ಒಂದರ ಪಕ್ಕ ಇನ್ನೊಂದು ಪದವಿ, ಅಷ್ಟೆ.

ಕ್ರೆಡಿಟ್ ಲೆಕ್ಕ

ಉಳಿತಾಯ ಇರುವುದು ಎರಡೂ ಕಡೆ ಲೆಕ್ಕಕ್ಕೆ ಬರುವ ವಿಷಯಗಳಲ್ಲಿ. ಉದಾಹರಣೆಗೆ ಎಂಬಿಎಗೆ 48, ಎಂ.ಎ.ಗೆ 36 ಕ್ರೆಡಿಟ್ ಬೇಕೆನ್ನೋಣ. ಬೇರೆ ಬೇರೆ ಮಾಡಿದರೆ 84. ಸಂಸ್ಥಾ ವರ್ತನೆ, ಮಾನವ ಸಂಪನ್ಮೂಲ, ಸಂಶೋಧನಾ ವಿಧಾನ ಮುಂತಾದ 18 ಕ್ರೆಡಿಟ್‌ಗಳನ್ನು ಎರಡೂ ಕಡೆ ಒಪ್ಪಿದರೆ 66ಕ್ಕೆ ಮುಗಿಯುತ್ತದೆ, ಸುಮಾರು ಒಂದು ಸೆಮಿಸ್ಟರು ಉಳಿಯುತ್ತದೆ. ಕ್ರೆಡಿಟ್ ಲೆಕ್ಕದಲ್ಲಿ ಶುಲ್ಕ ಕಟ್ಟಿಸಿಕೊಳ್ಳುವ ಕಡೆ ಹಣವೂ ಅದೇ ಪ್ರಮಾಣದಲ್ಲಿ ಉಳಿದೀತು. ಸೆಮಿಸ್ಟರಿಗೆ ಇಷ್ಟು ಎಂದು ಕಟ್ಟಿಸಿಕೊಳ್ಳುವ ಕಡೆ ಲೆಕ್ಕ ಬೇರೆ.

ಪ್ರವೇಶವೂ ಸಾಮಾನ್ಯವಾಗಿ ಎರಡು. ಎಂಬಿಎ ವಿಭಾಗ ಜಿಮ್ಯಾಟ್ ಅಥವಾ ಜಿಆರ್‌ಇ ಅಂಕ ಕೇಳಬಹುದು. ಬದಲಾವಣೆಯ ವಿಭಾಗ ಕೆಲಸದ ಅನುಭವ ಮತ್ತು ಉದ್ದೇಶಪತ್ರಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಒಂದರಲ್ಲಿ ಸೀಟು ಸಿಕ್ಕಿ ಇನ್ನೊಂದರಲ್ಲಿ ಸಿಗದಿರುವುದೂ ಉಂಟು. ಮಾನ್ಯತೆಯ ಮಾತಿಗೆ ಬಂದರೆ, 1916ರಲ್ಲಿ ಸ್ಥಾಪನೆಯಾದ ಎಎಸಿಎಸ್‌ಬಿ ವ್ಯವಹಾರ ಶಾಲೆಗಳನ್ನು ಪರಿಶೀಲಿಸುತ್ತದೆ. ಬದಲಾವಣೆಯ ಪದವಿ ಶಿಕ್ಷಣ ಅಥವಾ ಮನಶ್ಶಾಸ್ತ್ರ ವಿಭಾಗದಲ್ಲಿದ್ದರೆ ಆ ಮುದ್ರೆ ಅದಕ್ಕೂ ಅನ್ವಯಿಸುತ್ತದೆಂದು ಭಾವಿಸಬಾರದು.

ಅಮೆರಿಕಕ್ಕೆ ಹೋಗುವವರು ಗಮನಿಸಬೇಕಾದ್ದು

ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಓದಿನ ನಂತರ ಕೆಲಸ ಮಾಡಲು ಸಿಗುವ ಅನುಮತಿ, ಅಂದರೆ ಒಪಿಟಿ, 12 ತಿಂಗಳು. ಅದು ಶಿಕ್ಷಣದ ಒಂದು ಹಂತಕ್ಕೆ ಒಮ್ಮೆ ಮಾತ್ರ. ಎರಡು ಸ್ನಾತಕೋತ್ತರ ಪದವಿ ಪಡೆದರೆ 24 ತಿಂಗಳು ಸಿಗುತ್ತದೆ ಎಂಬುದು ಸುಳ್ಳು ಭರವಸೆ. ವಿಜ್ಞಾನ-ತಂತ್ರಜ್ಞಾನ ವಿಷಯಗಳಿಗಿರುವ 24 ತಿಂಗಳ ವಿಸ್ತರಣೆ ಪದವಿಯ ಅಧಿಕೃತ ವಿಷಯ ಸಂಕೇತವನ್ನು ಅವಲಂಬಿಸಿದೆ. ಹೆಸರು ನೋಡಿ ಊಹಿಸುವಂತಿಲ್ಲ, ಸಂಕೇತವನ್ನೇ ಕೇಳಬೇಕು.

ಇನ್ನೊಂದು ಅಡ್ಡಿಯನ್ನು ಏಜೆಂಟರು ಹೇಳುವುದು ಕಡಿಮೆ. ಬದಲಾವಣೆಯ ಎಷ್ಟೋ ಕೋರ್ಸುಗಳು ಉದ್ಯೋಗಸ್ಥರಿಗಾಗಿಯೇ ರೂಪುಗೊಂಡವು: ಕೆಲವು ತಿಂಗಳಿಗೊಮ್ಮೆ ಒಂದು ವಾರದ ವಾಸ, ಉಳಿದದ್ದು ಆನ್‌ಲೈನ್. ಕ್ಯಾಲಿಫೋರ್ನಿಯಾದ ಪೆಪ್ಪರ್‌ಡೈನ್ ವಿಶ್ವವಿದ್ಯಾಲಯ 1975ರಲ್ಲಿ ಆರಂಭಿಸಿದ ಹೆಸರಾಂತ ಪದವಿಯೂ ಕೆಲಸದಲ್ಲಿರುವವರನ್ನು ಉದ್ದೇಶಿಸಿದ್ದೇ. ಆದರೆ ಎಫ್-1 ನಿಯಮದ ಪ್ರಕಾರ ಪೂರ್ಣಾವಧಿಯ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ತರಗತಿ, ಗರಿಷ್ಠ 3 ಕ್ರೆಡಿಟ್, ಬರುತ್ತದೆ. ಅಂಥ ಕೋರ್ಸಿಗೆ ಬೆಂಗಳೂರಿನಿಂದ ವಿದ್ಯಾರ್ಥಿ ವೀಸಾ ಹಿಡಿದು ಹೋಗುವುದು ಬಹುಪಾಲು ಆಗದ ಮಾತು.

ಇಲ್ಲೇ ಓದುವುದಾದರೆ

ಬಹಳ ಕಾಲ ನಮ್ಮಲ್ಲಿ ಏಕಕಾಲಕ್ಕೆ ಎರಡು ಪದವಿ ಓದಲು ಅವಕಾಶವಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಯುಜಿಸಿ ದಾರಿ ತೆರೆಯಿತು. ತರಗತಿಯ ಸಮಯ ಒಂದಕ್ಕೊಂದು ಡಿಕ್ಕಿಯಾಗದಿದ್ದರೆ ಎರಡು ಪೂರ್ಣಾವಧಿ ಕೋರ್ಸು, ಇಲ್ಲವೇ ಒಂದು ಕಾಲೇಜಿನಲ್ಲಿ ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನಿನಲ್ಲಿ, ಇಲ್ಲವೇ ಎರಡನ್ನೂ ದೂರಶಿಕ್ಷಣದಲ್ಲಿ ಮಾಡಬಹುದು. ಪಿಎಚ್‌.ಡಿ.ಗೆ ಇದು ಅನ್ವಯಿಸುವುದಿಲ್ಲ. ಇಲ್ಲಿ ಎರಡೂ ಕಡೆ ಲೆಕ್ಕಕ್ಕೆ ಬರುವ ಕ್ರೆಡಿಟ್ಟಿನ ಸೌಲಭ್ಯವಿದೆ ಎಂದುಕೊಳ್ಳಬೇಡಿ. ಎರಡು ಕೋರ್ಸಿನ ಹೊರೆಯನ್ನೂ ಪೂರ್ತಿ ಹೊರಬೇಕು.

ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಸಂಸ್ಥಾ ಅಭಿವೃದ್ಧಿ, ಬದಲಾವಣೆ ಮತ್ತು ನಾಯಕತ್ವದಲ್ಲಿ ಎಂ.ಎ. ರೂಪಿಸಿದೆ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಹಳೆಯ ದಾರಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಎಂಎಸ್‌ಡಬ್ಲ್ಯೂ. 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಎಂಎಸ್‌ಡಬ್ಲ್ಯೂ ಮಾಡಿದವರು ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಿಗೆ ಬಂದದ್ದರ ಹಿಂದೆ ಅದೂ ಇದೆ. ಹಗಲು ಎಂಎಸ್‌ಡಬ್ಲ್ಯೂ, ದೂರಶಿಕ್ಷಣದಲ್ಲಿ ಎಂಬಿಎ ಎಂಬ ಜೋಡಿ ಇಂದು ಕಾನೂನುಬದ್ಧ. ದೂರಶಿಕ್ಷಣದ ಕೋರ್ಸಿಗೆ ಆಯಾ ವರ್ಷದ ಯುಜಿಸಿ ಮಾನ್ಯತೆ ಇದೆಯೇ ಎಂದು ಮಾತ್ರ ತಪ್ಪದೆ ನೋಡಿ.

ಯಾರಿಗೆ ಸಲ್ಲುತ್ತದೆ

ಬಿಇ ಅಥವಾ ಬಿಕಾಂ ಮುಗಿಸಿ ನೇರವಾಗಿ, ಮನೆಯ ಪತ್ರ ಅಡವಿಟ್ಟು ಸಾಲ ಮಾಡಿ ಹೋಗುವವರಿಗೆ ಈ ಜೋಡಿ ಬೇಡ ಎಂದೇ ನನ್ನ ಅಭಿಪ್ರಾಯ. ವಿಲೀನ, ಹೊಸ ತಂತ್ರಾಂಶ, ಮುಷ್ಕರ, ಕೆಲಸಗಾರರ ಕಡಿತ ಇವುಗಳಲ್ಲಿ ಒಂದನ್ನಾದರೂ ಒಳಗಿನಿಂದ ಕಾಣದವರಿಗೆ ಬದಲಾವಣೆಯ ಪಾಠ ಬರೀ ಮಾತಾಗಿ ಉಳಿಯುತ್ತದೆ. ಆರೇಳು ವರ್ಷ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ ಅಥವಾ ಸಹಕಾರಿ ಹಾಲು ಒಕ್ಕೂಟದಲ್ಲಿ ದುಡಿದು, ಲೆಕ್ಕಪತ್ರವೂ ಅರಿಯದೆ ಜನರನ್ನೂ ಒಲಿಸಲಾರದೆ ಒದ್ದಾಡಿದವರಿಗೆ ಇದು ನಿಜಕ್ಕೂ ಕೆಲಸಕ್ಕೆ ಬರುವ ಓದು.

ಅರ್ಜಿ ಶುಲ್ಕ ಕಟ್ಟುವ ಮುಂಚೆ ರಿಜಿಸ್ಟ್ರಾರ್ ಕಚೇರಿಗೆ ಒಂದು ಇಮೇಲ್ ಬರೆಯಿರಿ. ಎಷ್ಟು ಕ್ರೆಡಿಟ್ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ, ಎರಡು ಪದವಿಯೂ ಒಂದೇ ದಿನ ಸಿಗುತ್ತದೆಯೇ, ನಡುವೆ ಒಂದನ್ನು ಬಿಟ್ಟರೆ ಇನ್ನೊಂದರ ಗತಿ ಏನು ಎಂದು ಕೇಳಿ. ಉತ್ತರ ಬರಹದಲ್ಲೇ ಬರಲಿ; ಫೋನಿನಲ್ಲಿ ಹೇಳಿದ್ದಕ್ಕೆ ಮುಂದೆ ಸಾಕ್ಷಿ ಇರುವುದಿಲ್ಲ.